ರಜೆ ಮುಗಿಸಿ ಹೊರಡುವ ಯೋಧರ ಆರೋಗ್ಯ

ಮಾನ್ಯ ಸಂಪಾದಕರೇ,

ರಜೆಗೆ ಬಂದ ಯೋಧರಿಗೆ ನಮ್ಮ ಕಡೆ ಸನ್ಮಾನ, ಮೆರವಣಿಗೆ ಎಲ್ಲ ಆಗುತ್ತವೆ. ಅವರ ಆರೋಗ್ಯದ ಮಾತು ಮಾತ್ರ ಯಾರೂ ಎತ್ತುವುದಿಲ್ಲ. ಸಿಯಾಚಿನ್‌ನಲ್ಲಿ 1984ರಿಂದೀಚೆಗೆ ಶತ್ರುವಿನ ಗುಂಡಿಗಿಂತ ಚಳಿ, ಎತ್ತರ, ಹಿಮಕುಸಿತಗಳಿಗೇ ಹೆಚ್ಚು ಸೈನಿಕರು ಬಲಿಯಾಗಿದ್ದಾರೆ.

ಯಾದಗಿರಿಯ ಬಿಸಿಲಲ್ಲಿ ರಜೆ ಕಳೆದ ನನ್ನ ತಮ್ಮ ಸುಮಾರು 11,500 ಅಡಿ ಎತ್ತರದ ಲೇಹ್‌ನಲ್ಲಿ ಇಳಿದ ಕೂಡಲೇ ಇನ್ನೂ ಮೇಲಕ್ಕೆ ಹೋಗುವಂತಿಲ್ಲ. ಅಲ್ಲಿನ ತೆಳು ಗಾಳಿಗೆ ಮೈ ಒಗ್ಗಬೇಕು. ಎತ್ತರ ಹೆಚ್ಚಿದಂತೆ ಮೂರು ಹಂತಗಳಲ್ಲಿ ಹೀಗೆ ತಂಗಿ ಒಗ್ಗಿಕೊಳ್ಳಬೇಕು: ಹೊಸದಾಗಿ ಹೋದವರಿಗೆ ಮೊದಲ ಹಂತಕ್ಕೇ 6 ದಿನ, ಮುಂದಿನ ಎರಡು ಹಂತಗಳಿಗೆ ನಾಲ್ಕು ನಾಲ್ಕು ದಿನ. ಅವಸರ ಮಾಡಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಆಗ ಆಮ್ಲಜನಕ ಕೊಟ್ಟು ತಕ್ಷಣ ಕೆಳಕ್ಕಿಳಿಸುವುದೇ ಮುಖ್ಯ ಚಿಕಿತ್ಸೆ. ತಲೆನೋವು, ಒಣಕೆಮ್ಮು, ಕುಳಿತಲ್ಲೇ ಏದುಸಿರು ಬಂದರೆ ಎಚ್ಚರಾಗಬೇಕು. ನಮ್ಮ ಹುಡುಗರು ‘ಹೆದರಿದ ಅಂದಾರು’ ಎಂದು ಇವನ್ನು ಮುಚ್ಚಿಡುತ್ತಾರೆ. ದಯವಿಟ್ಟು ಮುಚ್ಚಿಡಬೇಡಿ, ತಮ್ಮಂದಿರೇ. ಒದ್ದೆ ಕಾಲುಚೀಲ ಬದಲಿಸದೆ ಇದ್ದರೂ ಅಲ್ಲಿ ಬೆರಳು ಕಳೆದುಕೊಳ್ಳಬೇಕಾದೀತು.

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಸೇನಾ ಭರ್ತಿಗೆ ತಯಾರಿ ಕೊಡುವವರು ಓಟ, ಪುಲ್‌ಅಪ್ ಜೊತೆಗೆ ವಾರಕ್ಕೊಂದು ತಾಸಾದರೂ ಇದನ್ನು ಹೇಳಿಕೊಡಲಿ. ನಿವೃತ್ತ ಸೈನಿಕರನ್ನು ಕರೆಸಿದರೆ ಅನುಭವದಿಂದಲೇ ಹೇಳುತ್ತಾರೆ.

ಇನ್ನೊಂದು ಮಾತು. ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ಸೇನೆಯಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಹುದ್ದೆ ಇದೆ. ವೈದ್ಯರು ದೂರವಿರುವ ಠಾಣೆಗಳಲ್ಲಿ ಗಾಯಾಳುವಿಗೆ ರಕ್ತ ನಿಲ್ಲಿಸಿ ಜೀವ ಉಳಿಸುವವರು ಇವರೇ. ನಾನು ವಿಚಾರಿಸಿದ ಹಲವು ವಿದ್ಯಾರ್ಥಿಗಳಿಗೆ ಇಂಥ ಹುದ್ದೆ ಇರುವುದೇ ಗೊತ್ತಿಲ್ಲ. ಪ್ರಾಂಶುಪಾಲರು ಈ ಮಾಹಿತಿಯನ್ನು ನೋಟಿಸ್ ಬೋರ್ಡಿಗೆ ಹಾಕಿಸಬೇಕೆಂದು ವಿನಂತಿ.

– ಯೋಧನೊಬ್ಬನ ಅಕ್ಕ, ಶಹಾಪುರ, ಯಾದಗಿರಿ ಜಿಲ್ಲೆ