ಪ್ರಶ್ನೆಗೆ ಉತ್ತರ ಬರೆಯುವ ತಮ್ಮನಿಗೆ

ಪ್ರೀತಿಯ ತಮ್ಮ,

ನಮ್ಮ ಕ್ರೈಸ್ತ ಸಭೆಯ ಮಾಸಪತ್ರಿಕೆಯ ಪ್ರಶ್ನೋತ್ತರ ಪುಟ ಇನ್ಮುಂದೆ ನಿನ್ನ ಕೈಗೆ ಬರುತ್ತದೆ ಎಂದು ತಿಳಿದು ತುಂಬಾ ಸಂತೋಷವಾಯಿತು. ನೀನು ಕಳಿಸಿದ ಕರಡುಗಳನ್ನು ಓದಿದೆ. ಕನ್ನಡ ಚೆನ್ನಾಗಿದೆ, ಎತ್ತಿಕೊಂಡ ವಚನಗಳೂ ಸರಿ ಇವೆ. ಆದರೆ ಒಂದು ವಿಷಯ ನನ್ನನ್ನು ಕಾಡುತ್ತಿದೆ. ದೇವರು ಹೇಳಿದ್ದು ಎಷ್ಟು, ನೀನು ಸೇರಿಸಿದ್ದು ಎಷ್ಟು ಅಂತ ಓದುವವರಿಗೆ ಗೊತ್ತೇ ಆಗುವುದಿಲ್ಲ. ಎರಡನ್ನೂ ಒಂದೇ ದನಿಯಲ್ಲಿ ಬರೆದಿದ್ದೀಯ.

ಸತ್ಯವೇದದಲ್ಲಿ, ಅಂದರೆ ಬೈಬಲ್‌ನಲ್ಲಿ, ಅಪೊಸ್ತಲ ಪೌಲ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 7ನೇ ಅಧ್ಯಾಯ ತೆಗೆದು ನೋಡು. ಕೊರಿಂಥದ ಸಭೆಯವರು ಪ್ರಶ್ನೆಗಳನ್ನು ಬರೆದು ಕಳಿಸಿದ್ದಾರೆ. ಪೌಲ ಎಫೆಸದಲ್ಲಿ ಕೂತು ಒಂದೊಂದಕ್ಕೇ ಉತ್ತರ ಕೊಡುತ್ತಿದ್ದಾನೆ. ಮದುವೆ, ವಿಧವೆಯರು, ನಂಬದ ಗಂಡ, ವಿಗ್ರಹಕ್ಕೆ ಅರ್ಪಿಸಿದ ಊಟ. ನಮ್ಮ ಓದುಗರು ಕೇಳುವುದೂ ಇದನ್ನೇ ಅಲ್ವಾ? 10ನೇ ವಚನದಲ್ಲಿ ಅವನು ಈ ಅಪ್ಪಣೆ ನನ್ನದಲ್ಲ, ಕರ್ತನದು, ಅಂದರೆ ಯೇಸುವಿನದು ಅನ್ನುತ್ತಾನೆ. 12ರಲ್ಲಿ ಇದು ಕರ್ತನ ಮಾತಲ್ಲ, ನನ್ನ ಮಾತು ಅನ್ನುತ್ತಾನೆ. 25ಕ್ಕೆ ಬಂದರೆ ಇನ್ನೂ ಬಿಚ್ಚಿ ಹೇಳುತ್ತಾನೆ: ಈ ವಿಷಯದಲ್ಲಿ ನನಗೆ ಅಪ್ಪಣೆ ಇಲ್ಲ, ಅಭಿಪ್ರಾಯ ಹೇಳುತ್ತೇನೆ. ಪೌಲನ ಆ ಅಭಿಪ್ರಾಯವೂ ದೇವರ ವಾಕ್ಯವೇ ಎಂದು ನಾನು ನಂಬುತ್ತೇನೆ. ನನ್ನ ನಿನ್ನ ಅಭಿಪ್ರಾಯ ಹಾಗಲ್ಲ. ಅಪೊಸ್ತಲನೇ ಇಷ್ಟು ಎಚ್ಚರದಿಂದ ಬಿಡಿಸಿ ಹೇಳಿದ ಮೇಲೆ ನಾವು ಎರಡನ್ನೂ ಕಲಸಿ ಕೊಡುವುದು ಸರಿಯಾ?

ಬಳ್ಳಾರಿಯ ಜೀನ್ಸ್ ಹೊಲಿಯುವ ಯುನಿಟ್ಟಿನ ಆ ಹುಡುಗಿಯ ಪ್ರಶ್ನೆಯನ್ನೇ ತಗೋ. ಆಯುಧಪೂಜೆ ದಿನ ಮಾಲೀಕರು ಮಷಿನ್‌ಗಳಿಗೆ ಕುಂಕುಮ ಹಚ್ಚಿ, ಕುಂಬಳಕಾಯಿ ಒಡೆದು, ಎಲ್ಲರ ಕೈಗೂ ಮಂಡಕ್ಕಿ, ಸ್ವೀಟು ಕೊಡುತ್ತಾರೆ. ಬೇಡ ಅಂದರೆ ಬೇಜಾರಾಗುತ್ತಾರೆ, ತಗೊಂಡರೆ ಪಾಪವಾ ಎಂದು ಕೇಳಿದ್ದಾಳೆ. ನಿನ್ನ ಉತ್ತರ ಎರಡೇ ವಾಕ್ಯ. 'ವಿಗ್ರಹಕ್ಕೆ ಅರ್ಪಿಸಿದ್ದನ್ನು ಮುಟ್ಟಬಾರದು. ಆ ಕೆಲಸವನ್ನೇ ಬಿಡುವುದು ಒಳ್ಳೆಯದು.' ಮೊದಲನೆಯದು ಅರ್ಧ ಮಾತು. ಎರಡನೆಯದು ಸತ್ಯವೇದದಲ್ಲಿ ಎಲ್ಲಿದೆ, ತೋರಿಸು. ಆ ಸಂಬಳದಲ್ಲಿ ಒಂದು ಮನೆ ನಡೆಯುತ್ತಿರಬಹುದು. ಸುಮ್ನೆ ಒಂದು ಗೆರೆ ಬರೆದು ನಾವು ಅದನ್ನು ನಿಲ್ಲಿಸಿಬಿಡಬಹುದು.

ಅದೇ ಪತ್ರದ 8 ಮತ್ತು 10ನೇ ಅಧ್ಯಾಯಗಳನ್ನು ಜೊತೆಗಿಟ್ಟು ಓದು. ಕರ್ತನ ಮೇಜಿನಲ್ಲೂ ಇನ್ನೊಂದು ಮೇಜಿನಲ್ಲೂ ಪಾಲು ತೆಗೆದುಕೊಳ್ಳಲಾಗದು ಎಂದು 10:21 ಹೇಳುತ್ತದೆ. ಅಲ್ಲಿ ರಾಜಿ ಇಲ್ಲ. ಪೂಜೆಯಲ್ಲಿ ಕೈಮುಗಿದು ನಿಲ್ಲಬಾರದು ಎಂದು ನೇರವಾಗಿ ಬರಿ. ಓದುಗರಿಗೆ ಹಿಡಿಸಲಿ ಅಂತ ಅದನ್ನು ಮೆತ್ತಗೆ ಮಾಡಬೇಡ. ಆದರೆ ಅದೇ ಪೌಲ 25ನೇ ವಚನದಲ್ಲಿ ಅಂಗಡಿಯಲ್ಲಿ ಮಾರುವುದನ್ನು ವಿಚಾರಣೆ ಮಾಡದೆ ತಿನ್ನಿ ಅನ್ನುತ್ತಾನೆ. 27ರಲ್ಲಿ, ನಂಬದವರು ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ತಿನ್ನಿ ಅನ್ನುತ್ತಾನೆ. ಇದು ಅರ್ಪಿಸಿದ್ದು ಎಂದು ಯಾರಾದರೂ ಹೇಳಿದರೆ ಮಾತ್ರ ತಿನ್ನಬೇಡಿ, ಅದೂ ಹೇಳಿದವನ ಮನಸ್ಸಾಕ್ಷಿಗೋಸ್ಕರ. ಅಂದರೆ 'ಪ್ರಸಾದ' ಎಂದು ಕೈಗಿಟ್ಟರೆ ಅವಳು ನಯವಾಗಿ ಬೇಡ ಅನ್ನಲಿ. ಹಬ್ಬದ ಬೋನಸ್ ಜೊತೆ ಕೊಡುವ ಸ್ವೀಟ್ ಬಾಕ್ಸ್ ಬೇರೆ ವಿಷಯ. ಅದನ್ನು ಮನೆಗೆ ಒಯ್ಯಬಹುದು ಎಂಬುದು ನನ್ನ ಅಭಿಪ್ರಾಯ. 'ನನ್ನ ಅಭಿಪ್ರಾಯ' ಎಂಬ ಮಾತನ್ನೂ ಸೇರಿಸಿಯೇ ಅಚ್ಚು ಮಾಡು.

ಇಷ್ಟಕ್ಕೇ ನಿಲ್ಲಿಸಬೇಡ. ಮಾಲೀಕರ ಹತ್ತಿರ ಹೇಗೆ ಮಾತಾಡಬೇಕು ಅನ್ನುವುದೂ ಅವಳಿಗೆ ಬೇಕು. ಹಬ್ಬದ ದಿನ ಹತ್ತು ಜನರ ಮುಂದೆ ಕೈ ಹಿಂದಕ್ಕೆಳೆದರೆ ಅದು ಅವಮಾನ. ಎರಡು ದಿನ ಮೊದಲೇ ಹೋಗಿ, 'ಅಣ್ಣಾ, ನಾನು ಯೇಸುವನ್ನು ನಂಬಿದವಳು, ಪೂಜೆಗೆ ನಿಲ್ಲೋಕಾಗಲ್ಲ. ಕಸ ಗುಡಿಸೋದು, ಮಷಿನ್ ಒರೆಸೋದು ಏನಿದ್ದರೂ ಮಾಡ್ತೀನಿ' ಅಂದರೆ ಎಷ್ಟೋ ಮಂದಿ ಒಪ್ಪುತ್ತಾರೆ.

ನಮ್ಮ ಕಡೆ ಇಂಥ ಪ್ರಶ್ನೆಗಳು ಜಾಸ್ತಿ. ಕೊಪ್ಪಳದ ಗವಿಮಠದ ಜಾತ್ರೆಗೆ ಊರೆಲ್ಲ ಜೋಳದ ರೊಟ್ಟಿ ತಟ್ಟಿ ಕೊಡುವಾಗ ನಾವೂ ಕೊಡಬಹುದಾ? ಮುದಗಲ್ಲಿನ ಮೊಹರಂನಲ್ಲಿ ಅಲಾಯಿ ಕುಣಿತ ನೋಡಲು ನಿಲ್ಲಬಹುದಾ? ಪಕ್ಕದ ಮನೆಯವರು ಕೊಟ್ಟ ಬೇವು-ಬೆಲ್ಲ? ಒಂದೇ ಅಚ್ಚಿನ ಉತ್ತರ ಇವಕ್ಕೆ ಹೊಂದುವುದಿಲ್ಲ. ರೊಟ್ಟಿ ಯಾರ ಹೊಟ್ಟೆಗೆ ಹೋಗುತ್ತದೆ, ಕುಣಿತದಲ್ಲಿ ಹರಕೆ ಯಾವುದು, ಆಟ ಯಾವುದು, ಹೋಗಿ ಕೇಳಿ ತಿಳಿದುಕೋ. ಬೇರೆ ಧರ್ಮದವರ ಬಗ್ಗೆ ನೀನು ಬರೆದದ್ದನ್ನು ಅವರೇ ಓದಿದರೆ, ಹೌದು, ನಾವು ನಂಬುವುದು ಇದನ್ನೇ ಅನ್ನಬೇಕು. ಆಮೇಲೆ ಒಪ್ಪುವುದಿಲ್ಲ ಎಂದು ಬರಿ. ಅಣಕ ಬೇಡವೇ ಬೇಡ. ಉತ್ತರ ಹೇಳಲು ಯಾವಾಗಲೂ ಸಿದ್ಧರಾಗಿರಿ ಎಂದ ಪೇತ್ರನೇ ಅದನ್ನು ಸಾತ್ವಿಕತೆಯಿಂದ ಹೇಳಿ ಎಂದೂ ಬರೆದಿದ್ದಾನೆ.

1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದಾಗ ಅವರ ಮುಂದಿದ್ದ ದೊಡ್ಡ ಕೆಲಸ ಕನ್ನಡ ಕಲಿಯುವುದು. ಸತ್ಯವೇದ ಪೂರ್ತಿ ಕನ್ನಡದಲ್ಲಿ ಅಚ್ಚಾಗಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಅವರ ಜೊತೆಗಾರ ವಿಲಿಯಂ ರೀವ್ ಈ ಕೆಲಸದ ನಡುವೆ ನಿಘಂಟನ್ನೇ ಮಾಡಿದರು. ಜನರ ಮಾತು ಕಲಿಯಲು ಅವರು ಅಷ್ಟು ವರ್ಷ ಕೊಟ್ಟರು. ನೀನು ಒಂದು ಪ್ರಶ್ನೆಗೆ ಒಂದು ವಾರ ಕೊಡು.

ಕೆಲವು ಪತ್ರಗಳನ್ನು ಅಚ್ಚು ಮಾಡಲೇಬಾರದು. ಗಂಡ ಹೊಡೆಯುತ್ತಾನೆ, ಆದರೂ ಅಧೀನಳಾಗಿರಬೇಕಾ ಎಂದು ಒಬ್ಬಾಕೆ ಬರೆದರೆ ಪುಟಕ್ಕಾಗಿ ಕಾಯಬೇಡ. ಅದೇ ದಿನ ಸಭೆಯ ಹಿರಿಯ ತಾಯಂದಿರೊಬ್ಬರನ್ನು ಅವಳ ಹತ್ತಿರ ಕಳಿಸು. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಬಹುದು, ಪೊಲೀಸರ ಹತ್ತಿರ ಹೋಗುವುದು ವಿಶ್ವಾಸಕ್ಕೆ ವಿರುದ್ಧವಲ್ಲ ಎಂದು ಹೇಳಿಸು. ಎಫೆಸದವರಿಗೆ ಬರೆದ ಪತ್ರದಲ್ಲಿ ಹೆಂಡತಿ ಅಧೀನಳಾಗಿರಲಿ ಎನ್ನುವ 5:22 ಮಾತ್ರ ಎತ್ತಿ, ಗಂಡನಿಗೆ ಹೇಳಿದ 25ನೇ ವಚನ ಬಿಟ್ಟು ಉತ್ತರ ಬರೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕ್ರಿಸ್ತನು ಸಭೆಗೋಸ್ಕರ ತನ್ನನ್ನೇ ಒಪ್ಪಿಸಿಕೊಟ್ಟ ಹಾಗೆ ಪ್ರೀತಿಸು ಎಂಬ ಮಾತಿನಲ್ಲಿ ಕೈಯೆತ್ತಲು ಜಾಗವೇ ಇಲ್ಲ.

ಅಚ್ಚು ಮಾಡುವ ಪತ್ರಗಳಲ್ಲೂ ಊರು, ಓಣಿ, ಕೆಲಸ ಬದಲಿಸು. ಸಿಂಧನೂರಿನಂಥ ಊರಲ್ಲಿ ಎರಡು ಗುರುತು ಸಿಕ್ಕರೆ ಸಾಕು, ಸಂಜೆಯೊಳಗೆ ಹೆಸರು ಗೊತ್ತಾಗಿಬಿಡುತ್ತದೆ. ಜೀನ್ಸ್ ಯುನಿಟ್ ಹುಡುಗಿಯ ಉತ್ತರ ತಿದ್ದಿ ಬರೆದ ಮೇಲೆ ಸಭಾಪಾಲಕರಿಗೆ ತೋರಿಸು. ಆಮೇಲೆ ನಮ್ಮ ಸಭೆಗೆ ಬಾರದ ಪರಿಚಯದವರೊಬ್ಬರಿಗೂ ಓದಿಸು. ಇಬ್ಬರೂ ಏನಂದರು ಅಂತ ಬರೆದು ಕಳಿಸು.

ಕರ್ತನಲ್ಲಿ ನಿನ್ನ ಅಣ್ಣ,
ಬಳ್ಳಾರಿ