ವರದಿ ಮೊದಲು, ವಿಡಿಯೊ ನಂತರ

ಮಾನ್ಯ ಸಂಪಾದಕರೆ,

ಪೊಲೀಸರು ಬಾಡಿ ಕ್ಯಾಮೆರಾ ಧರಿಸುವುದು ಸ್ವಾಗತಾರ್ಹ. ಆದರೆ ಆ ದೃಶ್ಯಕ್ಕೂ ಠಾಣೆಯಲ್ಲಿ ಬರೆಯುವ ವರದಿಗೂ ತಾಳೆ ನೋಡುವವರು ಯಾರು ಎಂಬುದು ಚರ್ಚೆಯಾಗಿಲ್ಲ.

ಕೆಲವು ವರ್ಷಗಳ ಹಿಂದೆ ಹುಬ್ಬಳ್ಳಿ ಹೊರವಲಯದಲ್ಲಿ ರಾತ್ರಿ ನಡೆದ ಬೈಕ್ ಅಪಘಾತವೊಂದಕ್ಕೆ ನಾನು ಪಂಚನಾಗಿದ್ದೆ, ಅಂದರೆ ಪೊಲೀಸರ ಸ್ಥಳ ಪರಿಶೀಲನೆಗೆ ಸಾಕ್ಷಿಯಾಗಿದ್ದೆ. ಅಲ್ಲಿ ಒಂದು ದೀಪವೂ ಉರಿಯುತ್ತಿರಲಿಲ್ಲ. ಕಾನ್‌ಸ್ಟೆಬಲ್ ಒಬ್ಬರು ಮೊಬೈಲ್ ಟಾರ್ಚ್ ಹಿಡಿದಿದ್ದರು, ಇನ್ನೊಬ್ಬರು ಟೇಪು ಹಿಡಿದು ಅಳೆದರು. ಪಂಚನಾಮೆಯಲ್ಲಿ ಮಾತ್ರ ‘ಬೀದಿದೀಪದ ಬೆಳಕಿನಲ್ಲಿ, ಪಂಚರ ಸಮಕ್ಷಮ’ ಎಂದಿತ್ತು. ಬರೆದವರಿಗೆ ದುರುದ್ದೇಶವಿತ್ತೆಂದು ನಾನು ಹೇಳಲಾರೆ. ಪ್ರತಿ ಪಂಚನಾಮೆಯಲ್ಲಿ ಬರುವ ರೂಢಿಯ ವಾಕ್ಯ ಇಲ್ಲಿಯೂ ಬಂದಿತ್ತು. ನಾನೂ ಓದದೆ ಸಹಿ ಹಾಕಿದೆ. ಕತ್ತಲೆಯೇ ಅಪಘಾತಕ್ಕೆ ಕಾರಣವೆಂದು ಗಾಯಾಳುವಿನ ಮನೆಯವರು ವಾದಿಸಿದಾಗ ಅದೇ ವಾಕ್ಯ ಅವರಿಗೆ ಅಡ್ಡ ಬಂತು. ಆ ನೋವು ಇಂದಿಗೂ ನನ್ನನ್ನು ಬಿಟ್ಟಿಲ್ಲ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮಿನಂತೆ ಶೋಧನೆ, ಜಪ್ತಿ ಮತ್ತು ಜಪ್ತಿ ಪಟ್ಟಿಗೆ ಪಂಚರು ಸಹಿ ಹಾಕುವುದನ್ನೂ ಚಿತ್ರೀಕರಿಸಿ ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಈ ಶಿಸ್ತು ಅಪಘಾತ ಸ್ಥಳದ ಪಂಚನಾಮೆಗೂ, ರಸ್ತೆ ತಪಾಸಣೆಯ ವರದಿಗೂ ಬರಬೇಕು.

ಅದಕ್ಕಿಂತ ಮುಖ್ಯವಾದದ್ದು, ಅಧಿಕಾರಿಯು ವಿಡಿಯೊ ನೋಡುವ ಮೊದಲೇ ತನ್ನ ನೆನಪಿನಿಂದ ವರದಿ ಬರೆದು ಸಹಿ ಹಾಕಬೇಕು. ನೋಡಿದ ಮೇಲೆ ತಿಳಿದದ್ದನ್ನು, ಹಳೆಯದನ್ನು ತಿದ್ದದೆ, ದಿನಾಂಕ ಹಾಕಿ ಪೂರಕ ವರದಿಯಾಗಿ ಸೇರಿಸಬೇಕು. ಮೊದಲೇ ವಿಡಿಯೊ ನೋಡಿದರೆ ನೆನಪು ವಿಡಿಯೊದ ಪಡಿಯಚ್ಚಾಗುತ್ತದೆ, ಕ್ಯಾಮೆರಾಕ್ಕೆ ಸಿಗದ್ದನ್ನು ಅನುಕೂಲಕ್ಕೆ ತಕ್ಕಂತೆ ತುಂಬಲೂ ದಾರಿಯಾಗುತ್ತದೆ. ಎದೆಯ ಮೇಲಿನ ಕ್ಯಾಮೆರಾ ಅಧಿಕಾರಿಯ ಕಣ್ಣಲ್ಲ. ತನಗೆ ಕಂಡದ್ದೇನು, ಬಲ ಬಳಸಿದ್ದೇಕೆ ಎಂಬುದನ್ನು ಅವರೇ ಬರೆಯಬೇಕು. ಇದರಿಂದ ಪ್ರಾಮಾಣಿಕ ಅಧಿಕಾರಿಗೂ ರಕ್ಷಣೆ ಸಿಗುತ್ತದೆ.

2020ರ ಮೇ ತಿಂಗಳಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತಾಗ ಪೊಲೀಸರ ಮೊದಲ ಹೇಳಿಕೆಯಲ್ಲಿದ್ದದ್ದು ವೈದ್ಯಕೀಯ ತೊಂದರೆಯ ಮಾತು; ಅವರ ಕುತ್ತಿಗೆಯ ಮೇಲೆ ಪೊಲೀಸ್ ಅಧಿಕಾರಿ ಊರಿದ ಮೊಣಕಾಲನ್ನು ಜಗತ್ತಿಗೆ ತೋರಿಸಿದ್ದು ದಾರಿಹೋಕ ಹುಡುಗಿಯೊಬ್ಬಳ ಮೊಬೈಲ್. ಅಧಿಕಾರಿಗಳ ಮೈಮೇಲೂ ಕ್ಯಾಮೆರಾಗಳಿದ್ದವು, ಆದರೆ ಹೇಳಿಕೆಯನ್ನು ಅವುಗಳೊಂದಿಗೆ ತಾಳೆ ನೋಡದೆ ಹೊರಡಿಸಲಾಗಿತ್ತು.

ಆದ್ದರಿಂದ ಹುಬ್ಬಳ್ಳಿ-ಧಾರವಾಡ ಪೊಲೀಸ್ ಕಮಿಷನರೇಟ್ ಪ್ರತಿ ವರದಿಯಲ್ಲಿ ವಿಡಿಯೊದ ಕ್ರಮಸಂಖ್ಯೆ ಮತ್ತು ಸಮಯವನ್ನು, ಕ್ಯಾಮೆರಾ ಆಫ್ ಆಗಿದ್ದರೆ ಅದರ ಕಾರಣವನ್ನು ಕಡ್ಡಾಯವಾಗಿ ಬರೆಸಬೇಕು. ಠಾಣೆಗಳ ಸಿಸಿಟಿವಿ ದೃಶ್ಯವನ್ನು ಒಂದು ವರ್ಷಕ್ಕಿಂತ ಕಡಿಮೆ ಅವಧಿಗೆ ಇಡಬಾರದೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಹೇಳಿದೆ. ಬಾಡಿ ಕ್ಯಾಮೆರಾ ದೃಶ್ಯಕ್ಕೂ ಅದೇ ಅವಧಿಯನ್ನು ನಿಗದಿ ಮಾಡಬೇಕೆಂದು ವಿನಂತಿಸುತ್ತೇನೆ.

– ನಿವೃತ್ತ ಶಿಕ್ಷಕ, ವಿದ್ಯಾನಗರ, ಹುಬ್ಬಳ್ಳಿ