ಪೂಜಾವಸ್ತ್ರಗಳಿಗೆ ಇನ್ನು ‘ಫುಲ್ ಸೆಟ್’ ಆರ್ಡರ್ ಇಲ್ಲ

ಪ್ರಿಯ ಗ್ರಾಹಕರೇ,

ಬರುವ ಆಗಮನ ಕಾಲದ (ಕ್ರಿಸ್‌ಮಸ್‌ಗೆ ಸಿದ್ಧವಾಗುವ ವಾರಗಳು) ಮೊದಲ ಭಾನುವಾರದಿಂದ ನಮ್ಮ ಹೊಲಿಗೆ ಸಹಕಾರ ಸಂಘ ಕಥೋಲಿಕ ಚರ್ಚ್‌ನ ಪೂಜಾವಸ್ತ್ರಗಳಿಗೆ, ಎಲ್ಲವನ್ನೂ ಒಟ್ಟಿಗೆ ಕೊಡುವ ‘ಫುಲ್ ಸೆಟ್’ ಆರ್ಡರ್ ತೆಗೆದುಕೊಳ್ಳುವುದಿಲ್ಲ. ಆಲ್ಬ್ (ಪಾದದವರೆಗಿನ ಬಿಳಿ ನಿಲುವಂಗಿ), ಸ್ಟೋಲ್ (ಭುಜದ ಮೇಲೆ ಹಾಕುವ ಉದ್ದ ಪಟ್ಟಿ), ಚಾಸುಬಲ್ (ಪೂಜೆಯಲ್ಲಿ ಗುರುಗಳು ಎಲ್ಲಕ್ಕೂ ಮೇಲೆ ಹಾಕುವ ತೋಳಿಲ್ಲದ ವಸ್ತ್ರ), ಕೋಪ್ (ಎದೆಯ ಬಳಿ ಕೊಂಡಿ ಹಾಕುವ ಉದ್ದ ಮೇಲುಹೊದಿಕೆ), ಏನು ಬೇಕೋ ಅದರ ಹೆಸರು ಬರೆದು ಕಳಿಸಿ. ಬೇಡದ ಬಟ್ಟೆಗೆ ದುಡ್ಡು ಯಾಕೆ, ಅಲ್ವಾ?

ಸೆಟ್‌ನಲ್ಲಿ ಪ್ರತಿ ಆಲ್ಬ್ ಜೊತೆ ಕುತ್ತಿಗೆಗೆ ಸುತ್ತುವ ಆಮಿಸ್, ಸೊಂಟಕ್ಕೆ ಕಟ್ಟುವ ಸಿಂಕ್ಚರ್ ಎರಡೂ ಬರುತ್ತಿದ್ದವು. ಆದರೆ ಒಳಗಿನ ಅಂಗಿಯ ಕಾಲರ್ ಕಾಣದಂತೆ ಆಲ್ಬ್ ಮುಚ್ಚಿದರೆ ಆಮಿಸ್ ಬೇಕಿಲ್ಲ. ಕಟ್ಟದೆಯೂ ಮೈಗೆ ಸರಿಯಾಗಿ ಕೂತರೆ ಸಿಂಕ್ಚರ್ ಕೂಡ ಬೇಕಿಲ್ಲ. ಪೂಜಾವಿಧಿಯ ಪುಸ್ತಕವಾದ ರೋಮನ್ ಮಿಸಲ್‌ನ ಸಾಮಾನ್ಯ ನಿಯಮಗಳಲ್ಲೇ ಹಾಗಿದೆ. ಆದ್ದರಿಂದ ಇನ್ಮೇಲೆ ಕುತ್ತಿಗೆಯ ಅಳತೆಯನ್ನೂ ಕೇಳುತ್ತೇವೆ.

ಸ್ಟೋಲ್ ವಿಷಯದಲ್ಲಿ ಸ್ವಲ್ಪ ಗಮನ ಕೊಡಿ. ಗುರುಗಳ ಸ್ಟೋಲ್ ಕುತ್ತಿಗೆಯ ಎರಡೂ ಕಡೆಯಿಂದ ನೇರವಾಗಿ ಇಳಿಯುತ್ತದೆ. ಡೀಕನ್ (ಗುರುಗಳಿಗಿಂತ ಕೆಳಗಿನ ದೀಕ್ಷೆ ಪಡೆದ ಸೇವಕರು) ಅದನ್ನು ಎಡ ಭುಜದಿಂದ ಎದೆಗೆ ಅಡ್ಡವಾಗಿ ತಂದು ಬಲ ಪಕ್ಕದಲ್ಲಿ ಸೇರಿಸುತ್ತಾರೆ. ಎರಡನ್ನೂ ಒಂದೇ ರೀತಿ ಕತ್ತರಿಸಿದರೆ ಚೆನ್ನಾಗಿ ಕೂರುವುದಿಲ್ಲ. ಸುಮ್ನೆ ‘ಸ್ಟೋಲ್ ಒಂದು’ ಎಂದು ಬರೆಯಬೇಡಿ, ಯಾರಿಗೆ ಎಂದೂ ತಿಳಿಸಿ. ಡೀಕನ್ ಮೇಲೆ ಹಾಕುವುದು ಚಾಸುಬಲ್ ಅಲ್ಲ, ತೋಳಿರುವ ಡಾಲ್ಮ್ಯಾಟಿಕ್.

ಕಾಲಕ್ಕೆ, ಹಬ್ಬಕ್ಕೆ ತಕ್ಕಂತೆ ಬದಲಾಗುವ ಬಣ್ಣದಲ್ಲೂ ಅಷ್ಟೇ. ಗುಲಾಬಿ ಬಣ್ಣಕ್ಕೆ ವರ್ಷದಲ್ಲಿ ಎರಡೇ ದಿನ: ಆಗಮನ ಕಾಲದ 3ನೇ ಭಾನುವಾರ, ತಪಸ್ಸು ಕಾಲದ (ಈಸ್ಟರ್‌ಗೆ ಸಿದ್ಧವಾಗುವ ವಾರಗಳು) 4ನೇ ಭಾನುವಾರ. ಅದೂ ಕಡ್ಡಾಯವಲ್ಲ, ಆ ಕಾಲಗಳ ಬಣ್ಣವಾದ ನೇರಳೆಯಲ್ಲೇ ಪೂಜೆ ನಡೆಯುತ್ತದೆ. ಹಸಿರು ಮಾತ್ರ ವರ್ಷದಲ್ಲಿ 33 ಅಥವಾ 34 ವಾರಗಳ ಸಾಧಾರಣ ಕಾಲಕ್ಕೆ (ಕ್ರಿಸ್‌ಮಸ್, ಈಸ್ಟರ್ ಮತ್ತು ಅವುಗಳ ಸಿದ್ಧತೆಯ ಕಾಲ ಬಿಟ್ಟು ಉಳಿದದ್ದು) ಬೇಕು, ಬೇಗ ಸವೆಯುವುದೂ ಅದೇ. ನಮ್ಮನ್ನು ಕೇಳಿದರೆ, ಜರಿಯ ಕೆಲಸಕ್ಕೆ ಖರ್ಚು ಮಾಡುವ ಹಣವನ್ನು ಹಸಿರು ಚಾಸುಬಲ್‌ನ ಗಟ್ಟಿ ಬಟ್ಟೆಗೆ ಹಾಕಿ. ಗರಿಗಳ ಭಾನುವಾರ, ಶುಭ ಶುಕ್ರವಾರ, ಪೆಂತೆಕೋಸ್ತ್, ರಕ್ತಸಾಕ್ಷಿಗಳ ಹಬ್ಬಗಳಿಗೆ ಕೆಂಪು ಒಂದಿದ್ದರೆ ಆಯಿತು.

ಎಡ ಮುಂಗೈಗೆ ಹಾಕುವ ಮ್ಯಾನಿಪಲ್ ಎಂಬ ಸಣ್ಣ ಪಟ್ಟಿ ಸಿಗುತ್ತದಾ ಎಂದು ಕೆಲವರು ಕೇಳಿದ್ದೀರಿ. 1967ರಿಂದ ಅದು ಕಡ್ಡಾಯವಲ್ಲ. ಹಳೆಯ ಲ್ಯಾಟಿನ್ ವಿಧಿಯಲ್ಲಿ ಪೂಜೆ ಅರ್ಪಿಸುವವರು ಕೇಳಿದರೆ ಹೊಲಿದು ಕೊಡುತ್ತೇವೆ.

ಈಗಾಗಲೇ ಮುಂಗಡ ಕೊಟ್ಟವರ ಸೆಟ್‌ಗಳು ಹಳೆಯ ಕ್ರಮದಲ್ಲೇ ತಲುಪುತ್ತವೆ. ಹಳೆ ಚಾಸುಬಲ್‌ಗಳ ಒಳಬಟ್ಟೆ ಬದಲಾವಣೆ, ಕೋಪ್‌ನ ಕೊಂಡಿ ರಿಪೇರಿ ಮೊದಲಿನಂತೆಯೇ ಇರುತ್ತದೆ. ಆಲ್ಬ್ ಅಳತೆ ತೆಗೆಯುವಾಗ ಪೂಜೆಗೆ ಹಾಕುವ ಚಪ್ಪಲಿ ಅಥವಾ ಶೂ ಹಾಕಿಕೊಂಡೇ ಅಳೆಯಿರಿ, ಇಲ್ಲವಾದರೆ ಅಂಚು ಮೇಲೇರುತ್ತದೆ.

ಇಂತಿ,
ಹೊಲಿಗೆ ಸಹಕಾರ ಸಂಘದ ಸದಸ್ಯರು